ಡಿಫೆನ್ಸ್ ಓದುವುದು ಹೇಗೆ? ಪಂದ್ಯದ ನಡುವೆ ಕೋಚ್ ಮಾಡುವ ಬದಲಾವಣೆಯನ್ನು ಹಿಡಿಯುವ ದಾರಿ

2022ರ ಜನವರಿ 30, ಕಾನ್ಸಸ್ ಸಿಟಿಯ ಆರೋಹೆಡ್ ಸ್ಟೇಡಿಯಂ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಎರಡು ವಿಭಾಗಗಳಲ್ಲಿ ಒಂದಾದ ಎಎಫ್‌ಸಿಯ ಫೈನಲ್. ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಪಾಸ್ ಎಸೆಯುವವನು) ಪ್ಯಾಟ್ರಿಕ್ ಮಹೋಮ್ಸ್ ಮೊದಲಾರ್ಧದಲ್ಲಿ ಎಸೆದ 21 ಪಾಸ್‌ಗಳಲ್ಲಿ 18 ಗುರಿ ಮುಟ್ಟಿದವು. 220 ಯಾರ್ಡ್, 3 ಟಚ್‌ಡೌನ್. ಒಂದು ಹಂತದಲ್ಲಿ ಸ್ಕೋರ್ 21–3 ಆಗಿತ್ತು. ಎದುರಾಳಿ ಸಿನ್ಸಿನಾಟಿ ಬೆಂಗಾಲ್ಸ್ ಕತೆ ಮುಗೀತು ಅಂತಲೇ ಅನಿಸಿತ್ತು. ವಿರಾಮದ ನಂತರ, ಓವರ್‌ಟೈಮ್ ಕೂಡ ಸೇರಿಸಿ, ಅದೇ ಮಹೋಮ್ಸ್ ಎಸೆದ 18ರಲ್ಲಿ ಮುಟ್ಟಿದ್ದು 8 ಮಾತ್ರ. 55 ಯಾರ್ಡ್, 2 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದುಬಿಟ್ಟ ಪಾಸ್). ಬೆಂಗಾಲ್ಸ್ 27–24ರಿಂದ ಗೆದ್ದರು.

ಅದೇ ಆಟಗಾರರು, ಅದೇ ಮೈದಾನ. ಬದಲಾಗಿದ್ದು ಬೆಂಗಾಲ್ಸ್ ಡಿಫೆನ್ಸ್ ನಿಂತ ರೀತಿ. ಇಂಥ ಬದಲಾವಣೆಯನ್ನು ಟಿವಿ ಮುಂದೆ ಕೂತು ನಾವೇ ಗುರುತಿಸೋದು ಹೇಗೆ, ಕೋಚ್ ಯಾವ ಲೆಕ್ಕದಲ್ಲಿ ಅದನ್ನು ಮಾಡುತ್ತಾರೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ. ಚೆಂಡು ಕೈಯಲ್ಲಿರುವ ತಂಡ, ಅಂದರೆ ಆಫೆನ್ಸ್, ನಾಲ್ಕು ಡೌನ್‌ಗಳಲ್ಲಿ (ಪ್ರಯತ್ನಗಳಲ್ಲಿ) 10 ಯಾರ್ಡ್ ದಾಟಬೇಕು ಅನ್ನುವಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಹೋಗ್ತಾ ಹೋಗ್ತಾ ಬರುತ್ತದೆ.

ಒಂದು ಮಾತನ್ನು ಮೊದಲೇ ಮನಸ್ಸಲ್ಲಿಟ್ಟುಕೊಳ್ಳಿ. ಡಿಫೆನ್ಸ್‌ನಲ್ಲಿ ಪುಕ್ಕಟೆ ಬದಲಾವಣೆ ಅನ್ನೋದೇ ಇಲ್ಲ. ಇರೋದು 11 ಜನ. ಮೈದಾನದ ಅಗಲವೇ 53 ಯಾರ್ಡ್‌ಗಿಂತ ಜಾಸ್ತಿ. ಕ್ರಿಕೆಟ್‌ನಲ್ಲಿ ಸ್ಲಿಪ್‌ನಿಂದ ಒಬ್ಬನನ್ನು ತೆಗೆದು ಕವರ್ಸ್‌ನಲ್ಲಿ ನಿಲ್ಲಿಸಿದರೆ ಸ್ಲಿಪ್ ಖಾಲಿಯಾಗುತ್ತದಲ್ವಾ, ಇಲ್ಲೂ ಅಷ್ಟೇ. ಹಾಗಾಗಿ ಕೋಚ್ ಏನು ಸೇರಿಸಿದರು ಅನ್ನುವುದಕ್ಕಿಂತ ಏನು ಬಿಟ್ಟುಕೊಟ್ಟರು ಅಂತ ಕೇಳಿಕೊಂಡರೆ ಆಟ ಬೇಗ ಅರ್ಥವಾಗುತ್ತದೆ.

ಹಂತ 1: ಚೆಂಡು ಬಿಡಿ, ಸೇಫ್ಟಿಗಳನ್ನು ಎಣಿಸಿ

ಆಟಗಾರರು ಸಾಲಾಗಿ ನಿಂತ ಮೇಲೆ ಸ್ನ್ಯಾಪ್ ಆಗುವವರೆಗೆ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವವರೆಗೆ, ಕೆಲವು ಸೆಕೆಂಡು ಸಿಗುತ್ತವೆ. ಆಗ ಡಿಫೆನ್ಸ್‌ನ ತೀರಾ ಹಿಂದೆ ನೋಡಿ, ಅಲ್ಲಿ ಆಳ ಕಾಯುವವರೇ ಸೇಫ್ಟಿಗಳು. 10–15 ಯಾರ್ಡ್ ಆಳದಲ್ಲಿ ಮಧ್ಯದಲ್ಲಿ ಒಬ್ಬನೇ ಇದ್ದರೆ ಅದು ಒಂದು ಸೇಫ್ಟಿ ಆಟ. ಸಾಮಾನ್ಯವಾಗಿ ಕವರ್ 1 ಅಥವಾ ಕವರ್ 3 ಅನ್ನುವ ಕವರೇಜ್ (ಪಾಸ್ ಕಾಯುವ ವ್ಯವಸ್ಥೆ). ಇಬ್ಬರು ಎಡಕ್ಕೂ ಬಲಕ್ಕೂ ಹಂಚಿಕೊಂಡು ನಿಂತಿದ್ದರೆ ಕವರ್ 2 ಅಥವಾ ಕವರ್ 4 ಇರಬಹುದು. ಯಾರೂ ಇಲ್ಲದಿದ್ದರೆ ಕವರ್ 0. ಅಂದರೆ ಬ್ಲಿಟ್ಸ್ (ಹೆಚ್ಚು ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು) ಬರ್ತಿದೆ, ಹಿಂದೆ ಕಾಯೋರು ಯಾರೂ ಇಲ್ಲ. ಈ ಅಂಕಿ ಹೇಳುವುದು ಸುಲಭ ಲೆಕ್ಕ: ಸೇಫ್ಟಿಗಳ ಜೊತೆ ಕಾರ್ನರ್‌ಗಳೂ (ಎರಡು ಅಂಚು ಕಾಯುವವರು) ಸೇರಿ ಮೈದಾನದ ಆಳವನ್ನು ಎಷ್ಟು ಜನ ಪಾಲು ಮಾಡಿಕೊಂಡು ಕಾಯುತ್ತಿದ್ದಾರೆ ಅಂತ.

ಟಿವಿ ಕ್ಯಾಮೆರಾ ಹಲವು ಸಲ ಸೇಫ್ಟಿಗಳನ್ನು ಚೌಕಟ್ಟಿನಿಂದ ಹೊರಗಿಡುತ್ತದೆ. ಆಗ ರೀಪ್ಲೇ ಕಾಯಿರಿ. ಕ್ವಾರ್ಟರ್‌ಬ್ಯಾಕ್ ಹಿಂದಿನಿಂದ, ಎತ್ತರದಿಂದ ತೋರಿಸುವ ಕೋನದಲ್ಲಿ ಎಲ್ಲರೂ ಕಾಣುತ್ತಾರೆ.

ಸ್ನ್ಯಾಪ್‌ಗೆ ಮುಂಚೆ ಕಂಡದ್ದೇ ನಿಜ ಅಂತ ಮಾತ್ರ ನಂಬಬೇಡಿ. ಇಬ್ಬರು ಸೇಫ್ಟಿಗಳನ್ನು ತೋರಿಸಿ, ಚೆಂಡು ಎದ್ದ ಕೂಡಲೇ ಒಬ್ಬನನ್ನು ಕೆಳಗೆ ಓಡಿಸುವುದು ಈಗ ಎಲ್ಲ ತಂಡಗಳೂ ಮಾಡುವ ಕೆಲಸ. ಅದಕ್ಕೇ ಸ್ನ್ಯಾಪ್ ಆದ ಮೊದಲ ಒಂದು ಸೆಕೆಂಡು ಸೇಫ್ಟಿಯ ಕಾಲು ನೋಡಿ. ಹಿಂದಕ್ಕೆ ಹೋಗ್ತಿದೆಯಾ, ಮಧ್ಯಕ್ಕೆ ತಿರುಗಿತಾ, ಮುಂದಕ್ಕೆ ನುಗ್ಗಿತಾ? ನಿಜವಾದ ಕವರೇಜ್ ಅಲ್ಲಿ ಗೊತ್ತಾಗುತ್ತದೆ.

ಹಂತ 2: ಯಾರು ಮೈದಾನದಲ್ಲಿದ್ದಾರೆ?

ಆಫೆನ್ಸ್ ಮೂವರು ರಿಸೀವರ್‌ಗಳನ್ನು (ಪಾಸ್ ಹಿಡಿಯುವವರನ್ನು) ಕಳಿಸಿದರೆ ಡಿಫೆನ್ಸ್ ಸಾಮಾನ್ಯವಾಗಿ ಒಬ್ಬ ಲೈನ್‌ಬ್ಯಾಕರ್‌ನನ್ನು (ಮುಂದಿನ ಸಾಲಿನ ಹಿಂದೆ ನಿಲ್ಲುವವನನ್ನು) ತೆಗೆದು ಐದನೇ ಡಿಫೆನ್ಸಿವ್ ಬ್ಯಾಕ್ (ಕಾರ್ನರ್ ಅಥವಾ ಸೇಫ್ಟಿ) ತರುತ್ತದೆ. ಇದು ನಿಕಲ್. ಆರನೆಯವನೂ ಬಂದರೆ ಡೈಮ್. 4-3, 3-4 (ಮುಂದಿನ ಸಾಲಿನವರು ಎಷ್ಟು, ಲೈನ್‌ಬ್ಯಾಕರ್‌ಗಳು ಎಷ್ಟು ಅನ್ನುವ ಲೆಕ್ಕ) ಅಂತ ಪುಸ್ತಕಗಳು ಹೇಳಿದರೂ ಇವತ್ತಿನ ಎನ್‌ಎಫ್‌ಎಲ್‌ನಲ್ಲಿ ಹೆಚ್ಚು ಹೊತ್ತು ಕಾಣುವುದು ನಿಕಲ್‌ ತಂಡವೇ.

ಇದನ್ನು ಸಮಯಕ್ಕೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1985ರ ಶಿಕಾಗೊ ಬೇರ್ಸ್ ಸಾಕ್ಷಿ. ಡಿಫೆನ್ಸ್ ಕೋಚ್ ಬಡ್ಡಿ ರಯಾನ್ ಕಟ್ಟಿದ ಅವರ ‘46’ ಹೆಸರಿನ ಡಿಫೆನ್ಸ್ ಎದುರಾಳಿಗಳನ್ನು ಪುಡಿಮಾಡುತ್ತಿತ್ತು. ಆ ವರ್ಷ ಅವರು ಸೋತದ್ದು ಒಂದೇ ಪಂದ್ಯ, ಡಿಸೆಂಬರ್ 2ರಂದು ಮಯಾಮಿಯಲ್ಲಿ, 38–24ರಿಂದ. ಮಯಾಮಿಯ ತಂಡ ಡಾಲ್ಫಿನ್ಸ್ ಮೂರನೇ ರಿಸೀವರ್ ಆಗಿ ನ್ಯಾಟ್ ಮೂರ್ ಅವರನ್ನು ಒಳಗೆ ನಿಲ್ಲಿಸಿದರು. ಅವರನ್ನು ಕಾಯುವ ಕೆಲಸ ಲೈನ್‌ಬ್ಯಾಕರ್ ಮೇಲೆ ಬಿತ್ತು. ವಿರಾಮದ ಹೊತ್ತಿಗೆ ಡಾಲ್ಫಿನ್ಸ್ 31–10 ಮುಂದಿದ್ದರು. ಐದನೇ ಬ್ಯಾಕ್ ತರಬೇಕೋ ಬೇಡವೋ ಅಂತ ಮುಖ್ಯ ಕೋಚ್ ಮೈಕ್ ಡಿಟ್ಕಾಗೂ ರಯಾನ್‌ಗೂ ಜೋರು ಜಗಳವೇ ಆಯಿತು. ಅಂಥ ದೊಡ್ಡ ಡಿಫೆನ್ಸ್ ಕೂಡ ತಪ್ಪು ಜೋಡಿಯೊಂದನ್ನು ಹಾಗೇ ಬಿಟ್ಟರೆ ಉಳಿಯೋದಿಲ್ಲ.

ಹಂತ 3: ಬಾಕ್ಸ್ ಎಣಿಸಿ

ಆಟ ಶುರುವಾಗುವ ಲೈನ್ ಹತ್ತಿರ, ಆಫೆನ್ಸ್ ಸಾಲಿನ ಒಂದು ತುದಿಯ ಟ್ಯಾಕಲ್‌ನಿಂದ ಇನ್ನೊಂದು ತುದಿಯ ಟ್ಯಾಕಲ್‌ವರೆಗಿನ ಜಾಗದಲ್ಲಿ ಇರುವ ಡಿಫೆಂಡರ್‌ಗಳೇ ಬಾಕ್ಸ್. ಎಂಟು ಜನ ಇದ್ದರೆ ಓಟ (ಎಸೆಯದೆ ಚೆಂಡು ಹಿಡಿದು ಓಡುವುದು) ನಿಲ್ಲಿಸಲು ಬಂದಿದ್ದಾರೆ. ಆರು ಜನ ಇದ್ದರೆ ‘ಬೇಕಾದರೆ ಓಡಿಕೊಳ್ಳಿ’ ಅಂತ ಅರ್ಥ. ಇದರ ಜೊತೆಗೆ ಗ್ಯಾಪ್‌ಗಳ ಹೆಸರು ಕಲಿತುಕೊಳ್ಳಿ. ಆಫೆನ್ಸ್ ಸಾಲಿನ ಮಧ್ಯದವನು ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಅವರಾಚೆ ಟ್ಯಾಕಲ್. ಸೆಂಟರ್ ಮತ್ತು ಗಾರ್ಡ್ ನಡುವೆ ಎ, ಗಾರ್ಡ್ ಮತ್ತು ಟ್ಯಾಕಲ್ ನಡುವೆ ಬಿ, ಅದರ ಹೊರಗೆ ಸಿ. ಪ್ರತಿ ಗ್ಯಾಪ್‌ಗೂ ಒಬ್ಬ ಜವಾಬ್ದಾರ ಇರಬೇಕು. ದೊಡ್ಡ ಓಟವೊಂದು ಸಿಕ್ಕಿತು ಅಂದರೆ ಬಹಳ ಸಲ ಒಬ್ಬ ತನ್ನ ಗ್ಯಾಪ್ ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿರುತ್ತಾನೆ.

ಹಂತ 4: ಮ್ಯಾನ್ ಅಥವಾ ಝೋನ್?

ಒಬ್ಬೊಬ್ಬ ಡಿಫೆಂಡರ್ ಒಬ್ಬೊಬ್ಬ ರಿಸೀವರ್‌ನನ್ನು ಕಾದರೆ ಮ್ಯಾನ್, ಒಂದೊಂದು ಜಾಗ ಕಾದರೆ ಝೋನ್. ಆಫೆನ್ಸ್ ಒಬ್ಬ ರಿಸೀವರ್‌ನನ್ನು ಸ್ನ್ಯಾಪ್‌ಗೆ ಮುಂಚೆ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಸುವುದನ್ನು ನೋಡಿರುತ್ತೀರಿ. ಅವನ ಹಿಂದೆಯೇ ಡಿಫೆಂಡರ್ ಕೂಡ ಓಡಿ ಬಂದರೆ ಬಹುತೇಕ ಮ್ಯಾನ್. ಎಲ್ಲರೂ ಒಂದೊಂದು ಹೆಜ್ಜೆ ಸರಿದು ನಿಂತರೆ ಝೋನ್. ಕ್ವಾರ್ಟರ್‌ಬ್ಯಾಕ್ ಕೂಡ ಇದನ್ನು ತಿಳಿಯಲೆಂದೇ ರಿಸೀವರ್‌ನನ್ನು ನಡೆಸುತ್ತಾನೆ. ಇನ್ನೊಂದು ಗುರುತು ಕಾರ್ನರ್‌ಗಳ ಕಣ್ಣು. ಮ್ಯಾನ್‌ನಲ್ಲಿ ಅದು ರಿಸೀವರ್‌ನ ಸೊಂಟದ ಮೇಲಿರುತ್ತದೆ. ಝೋನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕಡೆಗಿರುತ್ತದೆ.

ಹಂತ 5: ಒಂದು ಹಾಳೆ, ಐದು ಗೆರೆ

ಸುಮ್ನೆ ನೋಡ್ತಾ ಹೋದರೆ ನೆನಪಿರೋದಿಲ್ಲ. ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಆಟಕ್ಕೂ (ಇಡೀ ಪಂದ್ಯವಲ್ಲ, ಒಂದು ಸ್ನ್ಯಾಪ್‌ನಿಂದ ಶುರುವಾಗುವ ಒಂದು ಪ್ರಯತ್ನ) ಐದು ವಿಷಯ ಸಾಕು: ಡೌನ್ ಮತ್ತು ದೂರ, ಸೇಫ್ಟಿ ಎಷ್ಟು, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದವರು ಎಷ್ಟು, ಚೆಂಡು ಎಲ್ಲಿಗೆ ಹೋಯಿತು, ಎಷ್ಟು ಯಾರ್ಡ್ ಸಿಕ್ಕಿತು. ‘3–7, 2, 4, ಎಡ ಒಳಗೆ, 12’ ಅಂತ ಬರೆದರೆ ಒಂದು ಸಾಲು ಆಯಿತು.

ಎಲ್ಲ ಆಟಗಳನ್ನೂ ಬರೆಯಲು ಆಗದಿದ್ದರೆ ಮೂರನೇ ಡೌನ್ ಮಾತ್ರ ಬರೆಯಿರಿ. ಕೋಚ್‌ನ ಮನಸ್ಸು ಅಲ್ಲಿ ಅತಿ ಚೆನ್ನಾಗಿ ಕಾಣುತ್ತದೆ. ಎದುರಾಳಿಗೆ ಬೇಕಾದ ದೂರ ಗೊತ್ತಿದೆ, ಯಾವುದನ್ನು ಕಿತ್ತುಕೊಳ್ಳಬೇಕು ಅಂತ ಅವರು ನಿರ್ಧರಿಸಲೇಬೇಕು. ಎರಡು ಮೂರು ಡ್ರೈವ್ (ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿ) ಆದ ಮೇಲೆ ಹಾಳೆಯಲ್ಲಿ ಒಂದು ಜಾಗ ಎದ್ದು ಕಾಣುತ್ತದೆ, ಡಿಫೆನ್ಸ್‌ಗೆ ಪೆಟ್ಟು ಬೀಳ್ತಿರುವ ಜಾಗ. ಭಾರತದಲ್ಲಿ ಭಾನುವಾರದ ಮೊದಲ ಪಂದ್ಯಗಳು ರಾತ್ರಿ 10:30ಕ್ಕೆ, ಚಳಿಗಾಲದಲ್ಲಿ 11:30ಕ್ಕೆ ಶುರುವಾಗುತ್ತವೆ. ನಿದ್ದೆ ಬಿಡಲಾಗದವರು ಮರುದಿನ ರೆಕಾರ್ಡಿಂಗ್ ಹಾಕಿ ತಡೆದು ತಡೆದು ನೋಡಿ. ಈ ಅಭ್ಯಾಸಕ್ಕೆ ನಿಜಕ್ಕೂ ಅದೇ ವಾಸಿ.

ಹಂತ 6: ತೊಂದರೆ ಯೋಜನೆಯದ್ದಾ, ಆಟಗಾರನದ್ದಾ?

ಒಳ್ಳೆ ಕೋಚ್ ಏನನ್ನಾದರೂ ಬದಲಿಸುವ ಮುಂಚೆ ಕೇಳಿಕೊಳ್ಳುವ ಪ್ರಶ್ನೆ ಇದು. ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯವಾದ ಹಂತ.

ಡಿಫೆಂಡರ್ ಸರಿಯಾದ ಜಾಗದಲ್ಲೇ ಇದ್ದ, ಕೈಗೆ ಸಿಕ್ಕವನನ್ನು ಬೀಳಿಸಲಾಗಲಿಲ್ಲ ಅಂದರೆ ಅದು ಟ್ಯಾಕ್ಲಿಂಗ್ ತೊಂದರೆ. ಅದಕ್ಕೆ ಕವರೇಜ್ ಬದಲಿಸಿದರೆ ಹೊಸ ಗೊಂದಲ ಹುಟ್ಟುತ್ತದೆ ಅಷ್ಟೇ. ಡಿಫೆಂಡರ್ ಜಾಗದಲ್ಲಿದ್ದ, ಆದರೆ ಎದುರಿನವನು ಅವನಿಗಿಂತ ಎತ್ತರ ಅಥವಾ ವೇಗ ಅಂದರೆ ಅದು ಜೋಡಿಯ ತೊಂದರೆ. ಅಲ್ಲಿ ಯಾರೂ ಇರಲೇ ಇಲ್ಲ ಅಂದರೆ ಆಗ ಯೋಜನೆಯನ್ನು ಮುಟ್ಟಬೇಕು.

ದಣಿವೂ ಒಂದು ಕಾರಣ, ಅದನ್ನು ಮರೆಯಬೇಡಿ. 2017ರ ಫೆಬ್ರವರಿ 5ರ ಸೂಪರ್ ಬೌಲ್‌ನಲ್ಲಿ (ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ) ಅಟ್ಲಾಂಟಾ ಫಾಲ್ಕನ್ಸ್ 28–3 ಮುಂದಿದ್ದು 34–28ರಿಂದ ಸೋತರು. ಆ ರಾತ್ರಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಫೆನ್ಸ್ ಆಡಿದ್ದು 93 ಆಟ, ಫಾಲ್ಕನ್ಸ್ ಆಡಿದ್ದು 46. ಪೇಟ್ರಿಯಟ್ಸ್‌ನ ರನ್ನಿಂಗ್ ಬ್ಯಾಕ್ (ಹೆಚ್ಚಾಗಿ ಚೆಂಡು ಹಿಡಿದು ಓಡುವವನು) ಜೇಮ್ಸ್ ವೈಟ್ ಒಬ್ಬರೇ 14 ಪಾಸ್ ಹಿಡಿದರು. ಪೂರ್ತಿ ಪಂದ್ಯ ಓಡಿ ಓಡಿ ಕಾಲು ಸೋತ ಲೈನ್‌ಬ್ಯಾಕರ್ ಅಂಥವರ ಹಿಂದೆ ಹೋಗಲಾರ. ಫಾಲ್ಕನ್ಸ್ ಡಿಫೆನ್ಸ್ ಕುಸಿಯಿತು ಅಂತ ಬೈದವರು ಬಹಳ. ಆ ಸೋಲಿನಲ್ಲಿ ಅವರ ಆಫೆನ್ಸ್‌ನ ಪಾಲೂ ಅಷ್ಟೇ ಇದೆ. ಗಡಿಯಾರ ತಿನ್ನುವ ನಾಲ್ಕು ಓಟ ಆಡಿದ್ದರೆ ಡಿಫೆನ್ಸ್‌ಗೆ ಉಸಿರು ಸಿಗುತ್ತಿತ್ತು.

ಹಂತ 7: ಬದಲಾವಣೆ ಮತ್ತು ಅದರ ಬೆಲೆ

ಈಗ ನಿಜವಾದ ಕೆಲಸ. ಹಾಳೆಯಲ್ಲಿ ಪೆಟ್ಟು ಬೀಳುವ ಜಾಗ ಸಿಕ್ಕಿದೆ. ಕೋಚ್ ಮುಂದಿರುವ ಆಯ್ಕೆಗಳು ಹೀಗಿರುತ್ತವೆ.

ಒಳಗಿನ ಓಟ ನೋಯಿಸುತ್ತಿದ್ದರೆ ಒಬ್ಬ ಸೇಫ್ಟಿಯನ್ನು ಬಾಕ್ಸ್‌ಗೆ ಇಳಿಸುತ್ತಾರೆ, ಅಥವಾ ಲೈನ್‌ಗೆ ಐದನೆಯವನನ್ನು ತರುತ್ತಾರೆ. ಬೆಲೆ: ಹೊರಗಿನ ಕಾರ್ನರ್‌ಗಳು ಒಂಟಿ. ಓಟದ ಸೋಗು ಹಾಕಿ ಎಸೆಯುವ ಪ್ಲೇ-ಆ್ಯಕ್ಷನ್ ಪಾಸ್ ಆಗ ಅಪಾಯ.

ಆಳದ ಪಾಸ್ ನೋಯಿಸುತ್ತಿದ್ದರೆ ಇಬ್ಬರು ಸೇಫ್ಟಿಗಳನ್ನೂ ಹಿಂದೆ ಇಡುತ್ತಾರೆ. ಬೆಲೆ: ಬಾಕ್ಸ್‌ನಲ್ಲಿ ಒಬ್ಬ ಕಡಿಮೆ. ಮಹೋಮ್ಸ್, ಜಾಶ್ ಆಲನ್ ಥರದ ದೂರ ಎಸೆಯಬಲ್ಲ ಕ್ವಾರ್ಟರ್‌ಬ್ಯಾಕ್‌ಗಳ ಎದುರು ತಂಡಗಳು ಈ ಬೆಲೆಯನ್ನು ಖುಷಿಯಾಗಿ ಕೊಡುತ್ತವೆ.

ಚೆಂಡನ್ನು ಎರಡು ಸೆಕೆಂಡಿನಲ್ಲಿ ಎಸೆದು ಚಿಕ್ಕ ಚಿಕ್ಕದಾಗಿ ತಿನ್ನುತ್ತಿದ್ದರೆ ಬ್ಲಿಟ್ಸ್ ಮಾಡಿ ಪ್ರಯೋಜನವಿಲ್ಲ, ತಲುಪುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಕಾರ್ನರ್‌ಗಳನ್ನು ಮುಂದೆ ತಂದು ರಿಸೀವರ್‌ನನ್ನು ಮೊದಲ ಹೆಜ್ಜೆಯಲ್ಲೇ ತಡೆಯಬೇಕು. ಬೆಲೆ: ತಡೆ ತಪ್ಪಿದರೆ ಅವನು ನೇರ ಹಿಂದೆ.

ಕ್ವಾರ್ಟರ್‌ಬ್ಯಾಕ್ ಓಡಿ ಓಡಿ ಕಾಡುತ್ತಿದ್ದರೆ ಅಂಚಿನವರು ನಿಧಾನವಾಗಿ ನುಗ್ಗಿ ಹೊರದಾರಿ ಮುಚ್ಚುತ್ತಾರೆ, ಇಲ್ಲವೇ ಒಬ್ಬ ‘ಸ್ಪೈ’ ಅವನನ್ನೇ ನೋಡ್ತಾ ನಿಲ್ಲುತ್ತಾನೆ. ಬೆಲೆ: ಒತ್ತಡ ಹಾಕುವವನೋ ಪಾಸ್ ಕಾಯುವವನೋ ಒಬ್ಬ ಕಡಿಮೆ.

ಬ್ಲಿಟ್ಸ್ ಮಾಡಿದಾಗೆಲ್ಲ ಸ್ಕ್ರೀನ್ ಪಾಸ್ (ನುಗ್ಗಿ ಬಂದವರ ಹಿಂದೆ ಎಸೆಯುವ ಚಿಕ್ಕ ಪಾಸ್) ಬಂದು ಸುಡುತ್ತಿದ್ದರೆ ಬ್ಲಿಟ್ಸ್ ಕಡಿಮೆ ಮಾಡಿ ನಾಲ್ವರಲ್ಲೇ ಕೆಲಸ ನಡೆಸಬೇಕು. ಆಫೆನ್ಸ್ ಗುಂಪುಗೂಡದೆ ಸರಸರ ಆಡುತ್ತಿದ್ದರೆ ಕರೆಗಳನ್ನು ಒಂದು ಪದಕ್ಕೆ ಇಳಿಸಬೇಕು. ಆಫೆನ್ಸ್ ಆಟಗಾರರನ್ನು ಬದಲಿಸದಿದ್ದರೆ ಡಿಫೆನ್ಸ್‌ಗೂ ಬದಲಿಸುವಷ್ಟು ಸಮಯ ಸಿಗುವುದಿಲ್ಲ. ದಣಿದವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಬೆಲೆ ಕಟ್ಟುವುದರಲ್ಲಿ ನನಗೆ ಅತಿ ಇಷ್ಟವಾದ ಉದಾಹರಣೆ 1991ರ ಜನವರಿ 27ರ ಸೂಪರ್ ಬೌಲ್. ಬಫಲೊ ಬಿಲ್ಸ್ ಹಿಂದಿನ ಪಂದ್ಯದಲ್ಲಿ 51 ಅಂಕ ಗಳಿಸಿ ಬಂದಿದ್ದರು. ನ್ಯೂಯಾರ್ಕ್ ಜೈಂಟ್ಸ್‌ನ ಡಿಫೆನ್ಸ್ ಕೋಚ್ ಆಗಿದ್ದ ಬಿಲ್ ಬೆಲಿಚಿಕ್ ಮುಂದಿನ ಸಾಲನ್ನು ತೆಳುವಾಗಿಸಿ ಹಿಂದೆ ಜನ ತುಂಬಿದರು. ಬಿಲ್ಸ್‌ನ ಥರ್ಮನ್ ಥಾಮಸ್ 15 ಓಟದಲ್ಲಿ 135 ಯಾರ್ಡ್ ಹೊಡೆದರು. ಹೊಡೆಯಲಿ ಅಂತಲೇ ಬಿಟ್ಟಿದ್ದರು. ಪಾಸ್ ಕಟ್ಟಿಹಾಕಿದ್ದರು. ಜೈಂಟ್ಸ್ 20–19ರಿಂದ ಗೆದ್ದರು. ಆ ಯೋಜನೆಯ ಪ್ರತಿ ಈಗ ಹಾಲ್ ಆಫ್ ಫೇಮ್‌ನಲ್ಲಿದೆ.

ಹಂತ 8: ಯಾವಾಗ ಬದಲಿಸುತ್ತಾರೆ?

ವಿರಾಮದಲ್ಲಿ ಕೋಚ್ ಬೋರ್ಡ್ ಮೇಲೆ ಹೊಸ ಡಿಫೆನ್ಸ್ ಬರೆದು ಪಂದ್ಯ ತಿರುಗಿಸುತ್ತಾರೆ ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಸಾಮಾನ್ಯ ಪಂದ್ಯದ ವಿರಾಮ ಕಾಲು ಗಂಟೆಯೂ ಇರೋದಿಲ್ಲ. ಒಳಗೆ ಹೋಗಿ, ನೀರು ಕುಡಿದು, ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಉಳಿಯುವುದು ಕೆಲವೇ ನಿಮಿಷ. ಹೊಸದನ್ನು ಕಲಿಸಲು ಅದು ಸಾಲದು. ವಾರವಿಡೀ ಅಭ್ಯಾಸ ಮಾಡಿದ್ದರಲ್ಲೇ ಇನ್ನೊಂದನ್ನು ಆರಿಸಿಕೊಳ್ಳಲು ಸಾಕು.

ನಿಜವಾದ ಬದಲಾವಣೆ ಡ್ರೈವ್‌ಗಳ ನಡುವೆ, ಬೆಂಚ್ ಮೇಲೆ ಆಗುತ್ತದೆ. ಅದಕ್ಕೇ ಜಾಹೀರಾತು ಮುಗಿದ ಕೂಡಲೇ ಬೆಂಚ್ ತೋರಿಸಿದರೆ ಗಮನವಿಟ್ಟು ನೋಡಿ. ಆಟಗಾರರ ಕೈಯಲ್ಲಿ ಟ್ಯಾಬ್ಲೆಟ್ ಇರುತ್ತದೆ. 2014ರಲ್ಲಿ ಎನ್‌ಎಫ್‌ಎಲ್ ಇದನ್ನು ತಂದಿತು, ಅದರಲ್ಲಿ ಸ್ನ್ಯಾಪ್‌ನ ಹಿಂದು ಮುಂದಿನ ಸ್ಥಿರ ಚಿತ್ರಗಳಿರುತ್ತವೆ. ಮೇಲಿನ ಬೂತ್‌ನಲ್ಲಿ ಕೂತ ಸಹಾಯಕ ಕೋಚ್ ಇಡೀ ಮೈದಾನ ಕಂಡು ಹೆಡ್‌ಸೆಟ್‌ನಲ್ಲಿ ಹೇಳುತ್ತಿರುತ್ತಾನೆ. ಮೈದಾನದಲ್ಲಿ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುವ ಒಬ್ಬ ಡಿಫೆಂಡರ್‌ಗೆ ಕೋಚ್ ನೇರವಾಗಿ ರೇಡಿಯೋದಲ್ಲಿ ಕರೆ ಕೊಡಬಹುದು. 2008ರಿಂದ ಈ ಸೌಲಭ್ಯ ಇದೆ. ಪ್ಲೇ ಕ್ಲಾಕ್ (ಮುಂದಿನ ಸ್ನ್ಯಾಪ್‌ಗೆ ಉಳಿದ ಸಮಯ ಎಣಿಸುವ ಗಡಿಯಾರ) 15 ಸೆಕೆಂಡಿಗೆ ಬಂದಾಗ ಎರಡೂ ತಂಡಗಳ ರೇಡಿಯೋ ಬಂದ್ ಆಗುತ್ತದೆ. ಆಮೇಲಿನದು ಆಟಗಾರರ ತಲೆ.

ಆ ಕೊನೇ ಸೆಕೆಂಡುಗಳು ಎಷ್ಟು ಬೆಲೆಬಾಳುತ್ತವೆ ಅನ್ನುವುದು 2019ರ ಫೆಬ್ರವರಿ 3ರ ಸೂಪರ್ ಬೌಲ್‌ನಲ್ಲಿ ಕಂಡಿತು. ಲಾಸ್ ಏಂಜಲೀಸ್ ರಾಮ್ಸ್ ಆ ಋತುವಿನಲ್ಲಿ ಲೀಗ್‌ನಲ್ಲೇ ಎರಡನೇ ಅತಿ ಹೆಚ್ಚು ಅಂಕ ಗಳಿಸಿದ್ದ ತಂಡ. ವರ್ಷವಿಡೀ ಹೆಚ್ಚಾಗಿ ಮ್ಯಾನ್ ಆಡಿದ್ದ ಪೇಟ್ರಿಯಟ್ಸ್ ಅವತ್ತು ಝೋನ್‌ನಲ್ಲಿ ಬಂದರು, ಅದೂ ಕೊನೇ ಕ್ಷಣದವರೆಗೆ ತೋರಿಸಿಕೊಳ್ಳದೆ. ರಾಮ್ಸ್ ಮೊದಲ ಎಂಟು ಸಲವೂ ಪಂಟ್ ಮಾಡಿ, ಅಂದರೆ ದೂರಕ್ಕೆ ಒದ್ದು, ಚೆಂಡು ಒಪ್ಪಿಸಿದರು. ಕೊನೆಗೆ ಅವರು ದಾರಿ ಕಂಡುಕೊಂಡು ಮುಂದೆ ಬರುತ್ತಿದ್ದಾಗ ಪೇಟ್ರಿಯಟ್ಸ್ ಕೋಚ್‌ಗಳು ಕವರ್ 0 ಕರೆದರು. ಹಿಂದೆ ಯಾರೂ ಇಲ್ಲ, ಎಲ್ಲ ಒತ್ತಡ ಮುಂದೆ. ರಾಮ್ಸ್ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಹಿಂದಕ್ಕೆ ವಾಲಿ ಎಸೆದ ಚೆಂಡು ಪೇಟ್ರಿಯಟ್ಸ್ ಕಾರ್ನರ್ ಸ್ಟೀಫನ್ ಗಿಲ್ಮೋರ್ ಕೈಗೆ ಬಿತ್ತು. ಪೇಟ್ರಿಯಟ್ಸ್ 13–3ರಿಂದ ಗೆದ್ದರು.

ಹಂತ 9: ಜೋಡಿ ಬದಲಿಸುವುದನ್ನು ಕಣ್ಣಲ್ಲಿ ಹಿಡಿಯಿರಿ

ಹೊಸಬರಿಗೆ ಗುರುತಿಸಲು ಸುಲಭವಾದ ಬದಲಾವಣೆ ಇದು, ಜರ್ಸಿ ಸಂಖ್ಯೆ ನೋಡಿದರೆ ಸಾಕು. 2015ರ ಫೆಬ್ರವರಿ 1ರ ಸೂಪರ್ ಬೌಲ್‌ನಲ್ಲಿ ಸಿಯಾಟಲ್‌ನ ಕ್ರಿಸ್ ಮ್ಯಾಥ್ಯೂಸ್ ಅನ್ನುವ 6 ಅಡಿ 5 ಅಂಗುಲದ ರಿಸೀವರ್ ಪೇಟ್ರಿಯಟ್ಸ್ ಕಾರ್ನರ್‌ಗಳ ತಲೆ ಮೇಲೆ ಚೆಂಡು ಹಿಡಿಯತೊಡಗಿದರು. ಅಲ್ಲಿಯವರೆಗೆ ಎನ್‌ಎಫ್‌ಎಲ್‌ನಲ್ಲಿ ಒಂದೂ ಪಾಸ್ ಹಿಡಿದಿರದವರು ಅವತ್ತು 109 ಯಾರ್ಡ್ ಗಳಿಸಿದರು. ಪೇಟ್ರಿಯಟ್ಸ್ ಇಡೀ ಡಿಫೆನ್ಸ್ ಮುಟ್ಟಲಿಲ್ಲ. 6 ಅಡಿ 4 ಅಂಗುಲದ ಬ್ರ್ಯಾಂಡನ್ ಬ್ರೌನರ್ ಅವರನ್ನು ಮ್ಯಾಥ್ಯೂಸ್ ಎದುರು ನಿಲ್ಲಿಸಿದರು, ಒಬ್ಬ ಕಾರ್ನರ್‌ನನ್ನು ಕೂರಿಸಿ ಮ್ಯಾಲ್ಕಮ್ ಬಟ್ಲರ್ ಅನ್ನುವ ಹೊಸ ಹುಡುಗನನ್ನು ಇಳಿಸಿದರು. ಮ್ಯಾಥ್ಯೂಸ್ ಆಟ ಬಹುತೇಕ ನಿಂತಿತು.

ಪಂದ್ಯದ ಕೊನೆಗೆ ಸಿಯಾಟಲ್ ಗೋಲ್ ಲೈನ್‌ನಿಂದ 1 ಯಾರ್ಡ್ ದೂರ. ಅವರು ಮೂವರು ರಿಸೀವರ್‌ಗಳನ್ನು ಕಳಿಸಿದ್ದು ಕಂಡು ಪೇಟ್ರಿಯಟ್ಸ್ ಮೂರನೇ ಕಾರ್ನರ್ ಆಗಿ ಬಟ್ಲರ್‌ನನ್ನು ಒಳಗೆ ಓಡಿಸಿದರು. ಅದೇ ಆಟದಲ್ಲಿ ಆ ಹುಡುಗ ಅಭ್ಯಾಸದ ವೇಳೆ ಸೋತಿದ್ದ. ಈ ಸಲ ಬ್ರೌನರ್ ಮುಂದಿನ ರಿಸೀವರ್‌ನನ್ನು ಅಲ್ಲೇ ತಡೆದು ನಿಲ್ಲಿಸಿದರು, ಬಟ್ಲರ್ ತೆರೆದ ದಾರಿಯಲ್ಲಿ ನುಗ್ಗಿ ಚೆಂಡು ಕಸಿದ. 20 ಸೆಕೆಂಡು ಉಳಿದಿತ್ತು.

ಹಂತ 10: ಆರೋಹೆಡ್ ಪಂದ್ಯವನ್ನು ನೀವೇ ಓದಿ

ಈಗ ಕಲಿತದ್ದನ್ನೆಲ್ಲ ಬೆಂಗಾಲ್ಸ್ ಪಂದ್ಯಕ್ಕೆ ಹಾಕಿ. ತೊಂದರೆ ಏನು? ಮಹೋಮ್ಸ್‌ಗೆ ಎಲ್ಲಿ ನೋಡಿದರೂ ತೆರೆದ ರಿಸೀವರ್. ಡಿಫೆನ್ಸ್ ಕೋಚ್ ಲೂ ಅನರೂಮೊ ಏನು ಮಾಡಿದರು? ಹಲವು ಆಟಗಳಲ್ಲಿ ಮೂವರನ್ನು ಮಾತ್ರ ನುಗ್ಗಿಸಿ ಎಂಟು ಜನರನ್ನು ಹಿಂದೆ ಹರಡಿದರು. ಬೆಲೆ? ಕ್ವಾರ್ಟರ್‌ಬ್ಯಾಕ್‌ಗೆ ಬೇಕಾದಷ್ಟು ಸಮಯ. ಆದರೆ ಸಮಯ ಇದ್ದರೂ ಎಸೆಯಲು ಜಾಗ ಇಲ್ಲ. ಮಹೋಮ್ಸ್ ಚೆಂಡು ಹಿಡಿದು ಅತ್ತಿತ್ತ ಓಡಾಡುತ್ತಿರುವುದು ರೀಪ್ಲೇಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಲೈನ್‌ನ ಬಿ. ಜೆ. ಹಿಲ್ ಒಂದು ಚಿಕ್ಕ ಪಾಸನ್ನು ಹಿಡಿದೇಬಿಟ್ಟರು. ಕೊನೆಯಲ್ಲಿ ಚೀಫ್ಸ್ ಗೋಲ್ ಲೈನ್ ಹತ್ತಿರ ಬಂದಾಗ ಸ್ಯಾಮ್ ಹಬ್ಬರ್ಡ್ ಬೆನ್ನುಬೆನ್ನಿಗೆ ಎರಡು ಸಲ ಮಹೋಮ್ಸ್‌ರನ್ನು ಕೆಡವಿದರು, ಗೆಲ್ಲಬೇಕಾದವರು 44 ಯಾರ್ಡ್‌ನ ಫೀಲ್ಡ್ ಗೋಲ್‌ಗೆ (ಒದ್ದು ಗಳಿಸುವ 3 ಅಂಕಕ್ಕೆ) ತೃಪ್ತಿಪಡಬೇಕಾಯಿತು. ಎರಡನೇ ಅರ್ಧದಲ್ಲಿ ಅವರು ಗಳಿಸಿದ್ದು ಆ 3 ಅಂಕ ಮಾತ್ರ.

ಇದಕ್ಕೆ ಚೀಫ್ಸ್ ಕೊಡಬಹುದಾಗಿದ್ದ ಉತ್ತರವೂ ನಿಮಗೆ ಈಗ ಗೊತ್ತು: ಮುಂದೆ ಮೂವರೇ ಇದ್ದಾಗ ಚೆಂಡು ಹಿಡಿದು ಓಡುವುದು, ಚಿಕ್ಕ ಪಾಸ್‌ನಲ್ಲಿ ಸಾವಧಾನವಾಗಿ ಸಾಗುವುದು. ಅವರು ದೊಡ್ಡದಕ್ಕೇ ಕಾದರು.

ನೀವೇ ಕಲಿಸುವವರಾದರೆ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಇದೆ. ಐದೈದು ಜನ, ಟ್ಯಾಕಲ್ ಇಲ್ಲ, ಸೊಂಟದ ಪಟ್ಟಿ ಕಿತ್ತರೆ ಆಟ ನಿಂತಂತೆ. ಶಾಲೆ ಕಾಲೇಜಿನ ಮೈದಾನದಲ್ಲಿ ಹೆಲ್ಮೆಟ್, ಪ್ಯಾಡ್ ಇಲ್ಲದೆ ಆಡಬಹುದು. ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಅಪ್ಪ ಅಮ್ಮಂದಿರಿಗೆ ಮಕ್ಕಳ ಈ ಆಟ ವಾರಾಂತ್ಯದ ಮಾತೇ. ಅಲ್ಲಿ ಕೋಚ್‌ಗೆ ಕೈ ಸಾಲದೆ ನಿಮ್ಮನ್ನು ಕರೆದರೆ ಹೀಗೆ ಮಾಡಿ.

ಎರಡೇ ಕವರೇಜ್ ಕಲಿಸಿ. ಒಂದು ಮ್ಯಾನ್, ಇನ್ನೊಂದು ಹಿಂದೆ ಇಬ್ಬರನ್ನು ಇಟ್ಟ ಝೋನ್. ನುಗ್ಗುವವನು 7 ಯಾರ್ಡ್ ಹಿಂದಿನಿಂದ ಹೊರಡಬೇಕು, ಹಾಗಾಗಿ ಅವನನ್ನು ಕ್ವಾರ್ಟರ್‌ಬ್ಯಾಕ್‌ನ ಎಸೆಯುವ ಕೈ ಕಡೆಯಿಂದ ಕಳಿಸಿ ನೋಡಿ. ಎರಡೂ ಕವರೇಜ್‌ಗೆ ಒಂದೊಂದು ಪದ ಇಡಿ, ಬಣ್ಣದ ಹೆಸರಾದರೆ ಮಕ್ಕಳು ಮರೆಯೋದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದು ಕೆಲಸ ಮಾಡಿತಾ ಅಂತ ಹೇಳಲು ಕನಿಷ್ಠ ಒಂದು ಪೂರ್ತಿ ಡ್ರೈವ್ ಕೊಡಿ.

ಮತ್ತೆ ಬೆಂಚ್‌ಗೆ ಬಂದ ಮಗುವಿಗೆ ಏನು ಮಾಡಬೇಕು ಅಂತ ಹೇಳುವ ಮುಂಚೆ ಒಂದು ಮಾತು ಕೇಳಿ: ‘ಅವನು ನಿನ್ನ ಯಾವ ಕಡೆಯಿಂದ ದಾಟಿ ಹೋಗ್ತಿದ್ದಾನೆ?’ ಒಳಗಡೆಯಿಂದ ಅಂದರೆ ಒಂದು ಹೆಜ್ಜೆ ಒಳಗೆ ನಿಲ್ಲಿಸಿ. ಹೊರಗಡೆಯಿಂದ ಅಂದರೆ ಒಂದು ಹೆಜ್ಜೆ ಹೊರಗೆ. ಗೊತ್ತಿಲ್ಲ ಅಂದರೆ ಮುಂದಿನ ಮೂರು ಆಟ ಅದನ್ನೇ ನೋಡಿ ಬಾ ಅಂತ ಕಳಿಸಿ.